ಕಾಗದದ ಕಲೆ ಅಳಿಸಿ, ಮುಖದ ಕಲೆ ಉಳಿಸಿ

ಅಮ್ಮನ ಟ್ರಂಕಿನಲ್ಲಿ ಹಳೇ ಮೊಳಕಾಲ್ಮೂರು ಸೀರೆಯ ಅಂಚಿನ ತುಂಡೊಂದಿದೆ. ಅದರ ಮಡಿಕೆಯೊಳಗೆ ಒಂದು ಫೋಟೊ. ಅಂಗೈಯಗಲದ್ದು, ಕಪ್ಪು ಬಿಳುಪು. ಕುರ್ಚಿಯಲ್ಲಿ ಅಜ್ಜಿ ಕೂತಿದ್ದಾರೆ. ಪಕ್ಕದಲ್ಲಿ ಆರು ವರ್ಷದ ಅಮ್ಮ ಎರಡು ಜಡೆ ಹಾಕ್ಕೊಂಡು, ಕಣ್ಣು ಅಗಲ ಮಾಡಿಕೊಂಡು ನಿಂತಿದ್ದಾಳೆ. ಹಿಂದೆ ಸ್ಟುಡಿಯೋದ ಪರದೆ. ಅದರ ಮೇಲೆ ಕಂಬ, ಮೆಟ್ಟಿಲು, ಹೂದೋಟದ ಚಿತ್ರ. ಫೋಟೊದ ಬೆನ್ನಿಗೆ ಪೆನ್ಸಿಲ್‌ನಲ್ಲಿ 1957 ಅಂತ ಬರೆದಿದೆ. ಇದಾಗಿ ಐದು ವರ್ಷಕ್ಕೆ ಅಜ್ಜಿ ತೀರಿಕೊಂಡರು. ಅವರದ್ದು ಅಂತ ಇರೋದು ಇದೊಂದೇ ಫೋಟೊ.

ಅಮ್ಮನಿಗೆ ಎಪ್ಪತ್ತೈದು ತುಂಬುವ ಹೊತ್ತಿಗೆ ಒಂದು ಸ್ಕ್ರ್ಯಾಪ್‌ಬುಕ್ ಮಾಡಿಕೊಡೋಣ ಅಂತ ನಾವು ಅಕ್ಕತಂಗಿಯರು ಮಾತಾಡಿಕೊಂಡೆವು. ಮೊದಲ ಪುಟ ಅಜ್ಜಿಯದು. ಆ ಪುಟ ನನ್ನ ಪಾಲಿಗೆ ಬಂತು. ಆದರೆ ಫೋಟೊದ ಸ್ಥಿತಿ ನೋಡಿದರೆ ಕೈ ಹಾಕಲು ಭಯ. ನಡುವೆ ಅಡ್ಡಕ್ಕೆ ಒಂದು ಮಡಿಕೆ ಗೆರೆ, ಬಲಮೂಲೆ ಹರಿದಿದೆ, ಅಲ್ಲಲ್ಲಿ ಕಂದು ಚುಕ್ಕೆ, ಮೇಲುಗಡೆ ನೀರು ಬಿದ್ದ ಹಳದಿ ಕಲೆ. ಅಣ್ಣನ ಮಗಳು ಇಂಥದ್ದರಲ್ಲಿ ಜಾಣೆ. ಅವಳು ಹೇಳಿದ್ದು ಒಂದೇ ಮಾತು: "ಅತ್ತೆ, ಅಸಲಿ ಫೋಟೊನ ಕತ್ತರಿಸೋದು, ಅಂಟಿಸೋದು ಏನೂ ಮಾಡ್ಬೇಡಿ. ಅದನ್ನ ಹಾಗೇ ಟ್ರಂಕಲ್ಲಿ ಇಡಿ. ಮಾಡೋದೆಲ್ಲ ಕಂಪ್ಯೂಟರಲ್ಲಿ."

ಎರಡು ತಿಂಗಳಲ್ಲಿ ನಾನು ಕಲಿತದ್ದನ್ನು, ಮಾಡಿಕೊಂಡ ಎಡವಟ್ಟನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಒಂದು ಫೋಟೊ ಇದ್ದೇ ಇರುತ್ತೆ.

ಹೊಸ ಹವ್ಯಾಸವೇನಲ್ಲ

ಸ್ಕ್ರ್ಯಾಪ್‌ಬುಕ್ ಅಂದರೆ ಈಗಿನವರ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. 1860–70ರ ದಶಕದಲ್ಲೇ ಇಂಗ್ಲೆಂಡಿನ ಶ್ರೀಮಂತ ಮನೆಗಳ ಹೆಂಗಸರು ಫೋಟೊದಿಂದ ಮುಖಗಳನ್ನು ಕತ್ತರಿಸಿ, ಜಲವರ್ಣದಲ್ಲಿ ಬರೆದ ಚಿತ್ರಗಳ ಮೇಲೆ ಅಂಟಿಸಿ ಆಲ್ಬಂ ಮಾಡುತ್ತಿದ್ದರು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ಸ್ಕ್ರ್ಯಾಪ್‌ಬುಕ್‌ಗೇ ಪೇಟೆಂಟ್ ತೆಗೆದುಕೊಂಡಿದ್ದ. ಅವನ ಪುಸ್ತಕದ ಹಾಳೆಗಳಿಗೆ ಮೊದಲೇ ಅಂಟು ಬಳಿದಿರುತ್ತಿತ್ತು. ಒದ್ದೆ ಮಾಡಿ ಅಂಟಿಸಿದರೆ ಆಯಿತು.

ನಮ್ಮಲ್ಲಿ? ಹಳೇ ಮನೆಗಳ ಪಡಸಾಲೆ ನೆನಪು ಮಾಡಿಕೊಳ್ಳಿ. ದೊಡ್ಡದೊಂದು ಗಾಜಿನ ಕಟ್ಟು, ಅದರೊಳಗೆ ಹತ್ತಾರು ಸಣ್ಣ ಫೋಟೊ, ನಡುವೆ ಹಿರಿಯರದ್ದು, ಸುತ್ತ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ. ಕೆಲವರು ಮಣಿ, ಜರಿ ಅಂಚು ಕೂಡ ಹಾಕುತ್ತಿದ್ದರು. ಅದೂ ಸ್ಕ್ರ್ಯಾಪ್‌ಬುಕ್ ಪುಟವೇ, ಗೋಡೆಗೆ ಹಾಕಿದ್ದು ಅಷ್ಟೇ. ಈಗ ಕತ್ತರಿ, ಗೋಂದಿನ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಅದರಿಂದ ದೊಡ್ಡ ಉಪಕಾರ ಏನಂದರೆ, ತಪ್ಪಾದರೆ ಹಿಂದಕ್ಕೆ ಹೋಗಬಹುದು, ಅಸಲಿಗೆ ಏನೂ ಆಗುವುದಿಲ್ಲ.

ಸ್ಕ್ಯಾನ್ ಸರಿಯಾದರೆ ಅರ್ಧ ಕೆಲಸ ಮುಗಿದ ಹಾಗೆ

ಝೆರಾಕ್ಸ್ ಅಂಗಡಿಗೆ ಹೋಗಿ "ಸ್ಕ್ಯಾನ್ ಮಾಡಿ" ಅಂದರೆ ಅವರು ಆಧಾರ್ ಕಾರ್ಡ್ ಸ್ಕ್ಯಾನ್ ಮಾಡಿದ ಹಾಗೇ ಮಾಡಿಕೊಡುತ್ತಾರೆ. ನನಗೂ ಮೊದಲ ಸಲ ಹಾಗೇ ಆಯಿತು. ಅಜ್ಜಿಯ ಸೀರೆ ಒಂದು ಕಪ್ಪು ಮುದ್ದೆ, ಮುಖ ಬಿಳಿ ಮುದ್ದೆ. ಅದು ಕಾಗದಪತ್ರಕ್ಕೆ ಇಟ್ಟ ಸೆಟ್ಟಿಂಗ್. ಅಕ್ಷರ ಚೆನ್ನಾಗಿ ಕಾಣಲಿ ಅಂತ ನಡುವಿನ ಬೂದು ಛಾಯೆಗಳನ್ನು ತಿಂದುಹಾಕುತ್ತೆ.

ಅಂಗಡಿಯವರಿಗೆ ಮೂರು ಮಾತು ಹೇಳಿ. ಒಂದು, "ಫೋಟೊ ಮೋಡ್‌ನಲ್ಲಿ, 600 ಡಿಪಿಐ ಇಟ್ಟು ಮಾಡಿ." ಎರಡು, "ಕಪ್ಪು ಬಿಳುಪು ಫೋಟೊ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ." ಮೂರು, "ಗಾಜು ಒಂದ್ಸಲ ಒರೆಸಿಬಿಡಿ."

600 ಯಾಕೆ? ಲೆಕ್ಕ ಸುಲಭ. ನಮ್ಮ ಫೋಟೊ 3 ಇಂಚು ಅಗಲ, 4 ಇಂಚು ಉದ್ದ. 600ರಲ್ಲಿ ಸ್ಕ್ಯಾನ್ ಮಾಡಿದರೆ 1800 × 2400 ಪಿಕ್ಸೆಲ್ ಸಿಗುತ್ತೆ. ಒಳ್ಳೆ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ 6 × 8 ಇಂಚಿನವರೆಗೆ ದೊಡ್ಡದು ಮಾಡಬಹುದು, ಒಡೆಯುವುದಿಲ್ಲ. 300ರಲ್ಲೇ ಸ್ಕ್ಯಾನ್ ಮಾಡಿಸಿದ್ದರೆ ಫೋಟೊ ಇದ್ದಷ್ಟೇ ಗಾತ್ರಕ್ಕೆ ನಿಲ್ಲುತ್ತಿತ್ತು.

ಕಲರ್ ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ. ಫೈಲನ್ನು ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಕೇಳಿ. ಜೆಪೆಗ್ ಫೈಲನ್ನು ತಿದ್ದಿ ಸೇವ್ ಮಾಡಿದಾಗಲೆಲ್ಲ ಒಂದಿಷ್ಟು ವಿವರ ಕಳೆದುಹೋಗುತ್ತೆ.

ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಕೀಳಬೇಡಿ. ಚಿತ್ರ ಗಾಜಿನ ಮೇಲೆ, ಬರೀ ಕಾಗದ ನಿಮ್ಮ ಕೈಯಲ್ಲಿ ಅಂತ ಆಗಿಬಿಡುತ್ತೆ. ಗಾಜಿನ ಸಮೇತ ಕಿಟಕಿ ಬೆಳಕು ಪಕ್ಕದಿಂದ ಬೀಳೋ ಹಾಗೆ ಇಟ್ಟು ಮೊಬೈಲಲ್ಲಿ ತೆಗೆಯಿರಿ. ಗಾಜಿನಲ್ಲಿ ನಿಮ್ಮದೇ ನೆರಳು ಕಂಡರೆ, ಒಂದು ಕಪ್ಪು ಬಟ್ಟೆಗೆ ಕ್ಯಾಮೆರಾ ಲೆನ್ಸಿನಷ್ಟು ತೂತು ಮಾಡಿ, ಅದರ ಹಿಂದೆ ನಿಂತು ತೆಗೆದರೆ ಪ್ರತಿಬಿಂಬ ಹೋಗುತ್ತೆ.

ಲೇಯರ್ ಅಂದರೆ ಬಟರ್ ಪೇಪರ್

ಕಂಪ್ಯೂಟರಿಗೆ ಫೋಟೊಶಾಪ್ ಇದೆ, ಆದರೆ ಅದಕ್ಕೆ ದುಡ್ಡು ಕೊಡಬೇಕು. ನಾನು ಬಳಸಿದ್ದು ಗಿಂಪ್. ಪೂರ್ತಿ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತೆ. ಮೊಬೈಲ್ ಮಾತ್ರ ಇರುವವರಿಗೆ ಸ್ನ್ಯಾಪ್‌ಸೀಡ್‌ನಲ್ಲೂ ಕಲೆ ತೆಗೆಯೋ ಹೀಲಿಂಗ್, ಬೆಳಕು ಸರಿಮಾಡೋ ಸಾಧನ ಎಲ್ಲ ಇವೆ.

ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಲೇಯರ್. ರಂಗೋಲಿ ಪುಸ್ತಕದ ಮೇಲೆ ಬಟರ್ ಪೇಪರ್ ಇಟ್ಟು ನಕಲು ತೆಗೀತಿದ್ದೆವಲ್ಲ, ಅದೇ. ಕೆಳಗೆ ಫೋಟೊ. ಅದರ ಮೇಲೆ ಒಂದು ಪಾರದರ್ಶಕ ಹಾಳೆ. ತಿದ್ದುವುದೆಲ್ಲ ಆ ಹಾಳೆಯ ಮೇಲೆ. ಬೇಡ ಅನ್ನಿಸಿದರೆ ಹಾಳೆ ತೆಗೆದರಾಯಿತು, ಕೆಳಗಿನ ಫೋಟೊ ಹಾಗೇ ಇರುತ್ತೆ. ಹೀಲ್ ಸಾಧನ ತೆಗೆದುಕೊಂಡಾಗ "ಸ್ಯಾಂಪಲ್ ಮರ್ಜ್ಡ್" ಅನ್ನೋ ಆಯ್ಕೆಗೆ ಟಿಕ್ ಹಾಕಿದರೆ ಮೇಲಿನ ಖಾಲಿ ಹಾಳೆಯಲ್ಲೇ ಕೆಲಸ ಮಾಡಬಹುದು. ಈ ಒಂದು ಅಭ್ಯಾಸ ಕೊನೆಗೆ ನನ್ನನ್ನು ಹೇಗೆ ಕಾಪಾಡಿತು ಅಂತ ಆಮೇಲೆ ಹೇಳ್ತೀನಿ.

ಇನ್ನು ಹಳದಿ ಕಲೆ. ಕಲರ್ ಸ್ಕ್ಯಾನ್ ಅಂದರೆ ಒಳಗೆ ಮೂರು ಚಿತ್ರ ಇರುತ್ತೆ: ಕೆಂಪು, ಹಸಿರು, ನೀಲಿ. ಹಳದಿ ಅಥವಾ ಕಂದು ಕಲೆ ನೀಲಿ ಚಿತ್ರದಲ್ಲಿ ಕಡುವಾಗಿ ಕಾಣುತ್ತೆ, ಕೆಂಪು ಚಿತ್ರದಲ್ಲಿ ತೆಳುವಾಗಿರುತ್ತೆ. ಗಿಂಪ್‌ನ ಕಲರ್ಸ್ ಮೆನುವಿನಲ್ಲಿ ಮೋನೊ ಮಿಕ್ಸರ್ ಅಂತ ಇದೆ. ಅಲ್ಲಿ ಕೆಂಪನ್ನು ಪೂರ್ತಿ ಇಟ್ಟು ಹಸಿರು, ನೀಲಿಯನ್ನು ಸೊನ್ನೆ ಮಾಡಿದೆ. ನೀರಿನ ಕಲೆ ಮುಕ್ಕಾಲು ಪಾಲು ಮಾಯ! ಬರೀ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿಸಿದ್ದರೆ ಈ ಉಪಾಯಕ್ಕೆ ದಾರಿಯೇ ಇರುತ್ತಿರಲಿಲ್ಲ.

ಮಾಸಿದ ಫೋಟೊಗೆ ಜೀವ ಬರಿಸೋದು ಲೆವೆಲ್ಸ್. ತೆರೆದರೆ ಒಂದು ಗುಡ್ಡದ ಹಾಗೆ ಚಿತ್ರ ಕಾಣುತ್ತೆ. ಎಡತುದಿ ಕಪ್ಪು, ಬಲತುದಿ ಬಿಳುಪು. ಮಾಸಿದ ಫೋಟೊದಲ್ಲಿ ಗುಡ್ಡ ನಡುವೆಯೇ ಮುದುರಿಕೊಂಡಿರುತ್ತೆ, ಎರಡೂ ತುದಿ ಖಾಲಿ. ಎಡಗಡೆಯ ತ್ರಿಕೋನವನ್ನು ಗುಡ್ಡ ಶುರುವಾಗುವ ಕಡೆಗೆ, ಬಲಗಡೆಯದನ್ನು ಗುಡ್ಡ ಮುಗಿಯುವ ಕಡೆಗೆ ಎಳೆಯಿರಿ. ಅಷ್ಟೇ. ಇನ್ನೂ ಒಳಗೆ ಎಳೆದರೆ ಕಪ್ಪು ಸೀರೆಯ ಮಡಿಕೆ, ಬಿಳಿ ರವಿಕೆಯ ನೆರಿಗೆ ಎಲ್ಲ ಹೋಗಿಬಿಡುತ್ತೆ.

ಮಡಿಕೆ ಗೆರೆಗೆ ಎರಡು ಸಾಧನ. ಹೀಲ್ ಸುತ್ತಲಿನ ಬಣ್ಣಕ್ಕೆ ಹೊಂದಿಸಿಕೊಂಡು ಮುಚ್ಚುತ್ತೆ. ಪರದೆ, ಗೋಡೆಯಂಥ ಕಡೆ ಚೆನ್ನ. ಆದರೆ ಕಪ್ಪು ಸೀರೆ ಮುಗಿದು ಬಿಳಿ ತೋಳು ಶುರುವಾಗುವ ಅಂಚಿನಲ್ಲಿ ಹೀಲ್ ಬಳಸಿದರೆ ಕಾಡಿಗೆ ಕದಡಿದ ಹಾಗಾಗುತ್ತೆ. ಅಲ್ಲಿ ಕ್ಲೋನ್ ಬೇಕು. ಅದು ಒಂದು ಕಡೆ ಇರೋದನ್ನ ಇದ್ದ ಹಾಗೇ ಇನ್ನೊಂದು ಕಡೆ ತಂದು ಕೂರಿಸುತ್ತೆ. ಸಣ್ಣ ಬ್ರಷ್, ಸಣ್ಣ ಸಣ್ಣ ಹೆಜ್ಜೆ. ಗೆರೆಯೊಂದಕ್ಕೇ ನನಗೆ ಮೂರು ಸಂಜೆ ಹಿಡಿಯಿತು.

"ಆದ್ರೆ ಇವ್ರು ಯಾರು?"

ಮೂರನೇ ಸಂಜೆ ಕಣ್ಣು ಸೋತಿತ್ತು. ಇನ್ನೂ ಚುಕ್ಕೆಗಳು ರಾಶಿ ಉಳಿದಿದ್ದವು. ಹಳೇ ಫೋಟೊವನ್ನು ಒಂದೇ ಗುಂಡಿ ಒತ್ತಿ ಹೊಸದು ಮಾಡಿಕೊಡುವ ಆ್ಯಪ್ ಒಂದಿದೆ ಅಂತ ಯಾರೋ ಹೇಳಿದ್ದು ನೆನಪಾಯಿತು. ಹಾಕಿದೆ. ಅರ್ಧ ನಿಮಿಷ. ಅಬ್ಬಾ, ಏನು ಚೆಂದ! ಕೆನ್ನೆ ನುಣ್ಣಗೆ, ಕಣ್ಣು ಫಳಫಳ, ಸೀರೆಗೆ ತಿಳಿನೀಲಿ ಬಣ್ಣ ಬೇರೆ. ಇಷ್ಟಕ್ಕೆ ಮೂರು ದಿನ ಒದ್ದಾಡಿದೆನಲ್ಲಾ ಅಂತ ನನ್ನನ್ನೇ ಬೈದುಕೊಂಡೆ.

ಬೆಳಿಗ್ಗೆ ಕಾಫಿ ಹೊತ್ತಿಗೆ, ಗುಟ್ಟಾಗಿಡಬೇಕು ಅನ್ನೋದನ್ನೂ ಮರೆತು, ಅಮ್ಮನಿಗೆ ಮೊಬೈಲ್ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ತುಂಬಾ ಹೊತ್ತು ನೋಡಿದಳು.

"ಚೆನ್ನಾಗಿದಾರೆ ಕಣೇ. ಆದ್ರೆ ಇವ್ರು ಯಾರು?"

ನಾನು ನಕ್ಕೆ. ಅವಳು ನಗಲಿಲ್ಲ. ಮೊಬೈಲ್ ವಾಪಸ್ ಕೊಟ್ಟು ಒಳಗೆ ಹೋದಳು. ಮಧ್ಯಾಹ್ನ ಸೊಪ್ಪು ಬಿಡಿಸುವಾಗ ತಾನಾಗೇ ಹೇಳಿದಳು. ಅಜ್ಜಿಗೆ ಚಿಕ್ಕಂದಿನಲ್ಲಿ ಸಿಡುಬು ಆಗಿತ್ತು. ಕೆನ್ನೆ ತುಂಬ ಕುಳಿ. "ರಾತ್ರಿ ದೀಪ ಆರಿಸಿದ ಮೇಲೆ ಅಮ್ಮನ ಪಕ್ಕ ಮಲಗಿ ಕೆನ್ನೆ ಮೇಲೆ ಬೆರಳಿಟ್ಟು ಎಣಿಸ್ತಿದ್ದೆ. ಒಂದು, ಎರಡು, ಮೂರು... ಎಣಿಸ್ತಾ ಎಣಿಸ್ತಾ ನಿದ್ದೆ ಬಂದುಬಿಡೋದು. ನನಗೆ ಅಮ್ಮ ಅಂದ್ರೆ ಮೊದಲು ಕೈಗೆ ನೆನಪಾಗೋದು ಅದೇ."

ಇವತ್ತಿನ ಮಕ್ಕಳು ಸಿಡುಬಿನ ಕಲೆ ಇರೋ ಮುಖವನ್ನೇ ನೋಡಿಲ್ಲ. ನಮ್ಮ ದೇಶದಲ್ಲಿ ಅದರ ಕೊನೆಯ ಪ್ರಕರಣ 1975ರದ್ದು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೆ 1957ರ ಫೋಟೊದಲ್ಲಿ ಅದು ತೀರಾ ಸಾಮಾನ್ಯ. ಆ್ಯಪ್‌ಗೆ ಅದು ಕೊಳೆ. ಅಮ್ಮನಿಗೆ ಅದು ಅಮ್ಮ.

ನನಗೆ ಇನ್ನೊಂದು ವಿಷಯ ಹೊಳೆಯಿತು. ಆಗಿನ ಸ್ಟುಡಿಯೋದವರಿಗೂ ತಿದ್ದುವ ವಿದ್ಯೆ ಗೊತ್ತಿತ್ತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟು ಮುಖದ ಕಲೆ, ಸುಕ್ಕು ಮರೆಮಾಡುತ್ತಿದ್ದರು. ಅಜ್ಜಿಯ ಫೋಟೊ ತೆಗೆದ ಪುಣ್ಯಾತ್ಮ ಆ ಕೆಲಸ ಮಾಡಿರಲಿಲ್ಲ. ದುಡ್ಡು ಸಾಲಲಿಲ್ಲವೋ, ಪುರುಸೊತ್ತಿರಲಿಲ್ಲವೋ. ಅವರು ಬಿಟ್ಟದ್ದಕ್ಕೇ ಅಜ್ಜಿ ಅಜ್ಜಿಯಾಗಿ ಉಳಿದಿದ್ದರು. ನಾನು ಅರ್ಧ ನಿಮಿಷದಲ್ಲಿ ಅಳಿಸಿದ್ದೆ.

ಆ್ಯಪ್‌ನ ಫೋಟೊ ತೆಗೆದುಹಾಕಿ ಮತ್ತೆ ಗಿಂಪ್ ತೆರೆದೆ.

ಯಾವ ಚುಕ್ಕೆ ಯಾರದ್ದು?

ಕಾಗದಕ್ಕೆ ಆದ ಗಾಯ ಬೇರೆ, ಮುಖಕ್ಕೆ ಆದದ್ದು ಬೇರೆ. ಕಾಗದದ್ದು ಅಳಿಸಬಹುದು. ಮುಖದ್ದು ಅಳಿಸೋ ಹಕ್ಕು ನಮಗಿಲ್ಲ. ಸರಿ, ಆದರೆ ಎರಡೂ ಒಂದೇ ಕೆನ್ನೆ ಮೇಲೆ ಇದ್ದಾಗ ಗುರುತಿಸೋದು ಹೇಗೆ? ಅಣ್ಣನ ಮಗಳ ಜತೆ ಕೂತು ಕಂಡುಕೊಂಡದ್ದು ಇದು.

ಮೊದಲು ಕಲರ್ ಸ್ಕ್ಯಾನ್ ನೋಡಿ. ಬೂಷ್ಟಿನ ಚುಕ್ಕೆ ಕಂದು ಅಥವಾ ಹಳದಿ ಇರುತ್ತೆ. ಫೋಟೊದಲ್ಲೇ ಇರುವ ಗುರುತು ಉಳಿದ ಚಿತ್ರದ ಬಣ್ಣದ್ದೇ ಆಗಿರುತ್ತೆ. ಎರಡನೆಯದು, ಬೂಷ್ಟು ಮುಖ ಅಂತ ನೋಡುವುದಿಲ್ಲ. ಪರದೆ, ಸೀರೆ, ಕುರ್ಚಿ ಎಲ್ಲದರ ಮೇಲೂ ಒಂದೇ ತರಹ ಹರಡಿರುತ್ತೆ. ಮೂರನೆಯದು ಬೆಳಕು. ನಮ್ಮ ಫೋಟೊದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿದೆ. ಕುಳಿ ಅಂದಮೇಲೆ ತಗ್ಗು. ಅದರ ಎಡ ಅಂಚಿಗೆ ನೆರಳು, ಬಲ ಅಂಚಿಗೆ ಬೆಳಕು ಇರಲೇಬೇಕು. ಕಾಗದದ ಚುಕ್ಕೆಗೆ ನೆರಳು ಬೆಳಕು ಇಲ್ಲ, ಸಪಾಟು. ಪರದೆಯ ಮೇಲೆ ಚಿತ್ರವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತೆ.

ಇದರ ಮೇಲೂ ಅನುಮಾನ ಬಂದರೆ ಬಿಟ್ಟುಬಿಡಿ. ಒಂದು ಬೂಷ್ಟಿನ ಚುಕ್ಕೆ ಉಳಿದರೆ ಯಾರಿಗೂ ನಷ್ಟವಿಲ್ಲ.

ಸೀರೆಯ ಬಣ್ಣ ಯಾರಿಗೆ ಗೊತ್ತು?

ಇನ್ನು ಆ ತಿಳಿನೀಲಿ ಸೀರೆ. ಅಮ್ಮನನ್ನು ಕೇಳಿದರೆ, "ಅಯ್ಯೋ, ನೀಲಿ ಎಲ್ಲಿಂದ ಬಂತು? ದಾಳಿಂಬೆ ಕೆಂಪು, ಗಿಳಿಹಸಿರು ಅಂಚು. ಟ್ರಂಕಲ್ಲಿ ತುಂಡಿದೆಯಲ್ಲ!"

ಕಪ್ಪು ಬಿಳುಪು ಫೋಟೊದಲ್ಲಿ ಬಣ್ಣದ ಮಾಹಿತಿ ಇರೋದೇ ಇಲ್ಲ. ಎಷ್ಟು ಬೆಳಕು ಅನ್ನೋದು ಮಾತ್ರ ಇರುತ್ತೆ. ಕಡುನೀಲಿ, ಕಡುಕೆಂಪು, ಕಡುಹಸಿರು ಮೂರೂ ಒಂದೇ ಬೂದಾಗಿ ಕಾಣಬಹುದು. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮುಗಳಂತೂ ಕೆಂಪನ್ನು ಗ್ರಹಿಸುತ್ತಲೇ ಇರಲಿಲ್ಲ. ಕೆಂಪು ಸೀರೆಯೂ ಕುಂಕುಮವೂ ಹೆಚ್ಚುಕಡಿಮೆ ಕಪ್ಪಾಗಿಯೇ ಬೀಳುತ್ತಿದ್ದವು. ತಾನಾಗೇ ಬಣ್ಣ ತುಂಬುವ ಸಾಫ್ಟ್‌ವೇರ್ ಬೇರೆ ಸಾವಿರಾರು ಫೋಟೊ ನೋಡಿ ಊಹೆ ಮಾಡುತ್ತೆ. ಊಹೆಯನ್ನು ಆಲ್ಬಂನಲ್ಲಿ ಅಂಟಿಸಿದರೆ, ಮೊಮ್ಮಕ್ಕಳ ಕಾಲಕ್ಕೆ ಅದೇ ನಿಜ ಆಗಿಬಿಡುತ್ತೆ.

ಹಾಗಾಗಿ ಫೋಟೊವನ್ನು ಕಪ್ಪು ಬಿಳುಪಾಗಿಯೇ ಬಿಟ್ಟೆ. ಬದಲಿಗೆ ಟ್ರಂಕಿನಲ್ಲಿದ್ದ ಸೀರೆ ತುಂಡನ್ನೇ ಸ್ಕ್ಯಾನರ್ ಗಾಜಿನ ಮೇಲೆ ಮಲಗಿಸಿ, ಇದ್ದ ಗಾತ್ರಕ್ಕೇ ಸ್ಕ್ಯಾನ್ ಮಾಡಿಸಿದೆ. ಗೋಪುರದ ಅಂಚು, ಜರಿ, ಒಂದು ಕಡೆ ಎಳೆ ಬಿಚ್ಚಿದ್ದು ಎಲ್ಲ ಬಂತು. ಪುಟದಲ್ಲಿ ಬಣ್ಣ ಅಂತ ಇರೋದು ಅದೊಂದೇ. ಅದು ನಿಜವಾದ ಬಣ್ಣ.

ಪುಟ ಜೋಡಿಸಿದ್ದು ಹೀಗೆ

ಸ್ಕ್ರ್ಯಾಪ್‌ಬುಕ್ ಪುಟಕ್ಕೆ ಸಾಮಾನ್ಯವಾಗಿ ಬಳಸೋ ಅಳತೆ 12 × 12 ಇಂಚು. 300ರ ಲೆಕ್ಕದಲ್ಲಿ 3600 × 3600 ಪಿಕ್ಸೆಲ್‌ನ ಹೊಸ ಹಾಳೆ ತೆರೆದುಕೊಳ್ಳಿ. ಹಿನ್ನೆಲೆಗೆ ಕೈಕಾಗದದ ತಿಳಿ ಕೆನೆಬಣ್ಣ. ಅಂಗಡಿಯಿಂದ ಒಂದು ಹಾಳೆ ಕೈಕಾಗದ ತಂದು ಅದನ್ನೇ ಸ್ಕ್ಯಾನ್ ಮಾಡಿದರೆ ಆಯಿತು, ಎಲ್ಲಿಂದಲೋ ಇಳಿಸಿಕೊಳ್ಳಬೇಕಿಲ್ಲ.

ಫೋಟೊವನ್ನು ಸರಿಯಾಗಿ ನಡುವೆ ಇಡಬೇಡಿ. ಸ್ವಲ್ಪ ಬಲಕ್ಕೆ, ಸ್ವಲ್ಪ ಮೇಲಕ್ಕೆ ಇಟ್ಟರೆ ಎಡಗಡೆ ಬರೆಯೋದಕ್ಕೆ ಜಾಗ ಸಿಗುತ್ತೆ. ಸೀರೆ ಅಂಚು ಎಡಬದಿಯಲ್ಲಿ ಮೇಲಿಂದ ಕೆಳಗೆ. ಅದರ ಪಕ್ಕ ಅಜ್ಜಿಯ ಕೈಬರಹದ ಹಾಲಿನ ಲೆಕ್ಕದ ಚೀಟಿ. ಟ್ರಂಕಿನ ತಳದಲ್ಲಿ ಸಿಕ್ಕಿದ್ದು: "ಸೋಮವಾರ ಅರ್ಧ ಸೇರು, ಮಂಗಳವಾರ ಇಲ್ಲ..."

ಚೀಟಿಯ ಕಾಗದ ಬೇಡ, ಅಕ್ಷರ ಮಾತ್ರ ಬೇಕು ಅಂದರೆ ಲೇಯರ್‌ನ ಮೋಡ್ ಅನ್ನು "ಮಲ್ಟಿಪ್ಲೈ" ಮಾಡಿ. ಬಿಳುಪೆಲ್ಲ ಕರಗಿ ಶಾಯಿ ಮಾತ್ರ ಹಿನ್ನೆಲೆಯ ಮೇಲೆ ನಿಲ್ಲುತ್ತೆ. ಅದಕ್ಕೂ ಮೊದಲು ಲೆವೆಲ್ಸ್‌ನಲ್ಲಿ ಚೀಟಿಯ ಕಾಗದವನ್ನು ಪೂರ್ತಿ ಬಿಳುಪಾಗಿಸಿಕೊಳ್ಳಬೇಕು, ಇಲ್ಲದಿದ್ದರೆ ಮಬ್ಬು ಚೌಕ ಉಳಿಯುತ್ತೆ. ಇದರ ಉಲ್ಟಾ "ಸ್ಕ್ರೀನ್" ಮೋಡ್. ಅದು ಕಪ್ಪನ್ನು ಕರಗಿಸುತ್ತೆ. ಕಪ್ಪು ನೆಲದ ಮೇಲಿನ ಬಿಳಿ ರಂಗೋಲಿಯ ಫೋಟೊ ಇದ್ದರೆ ಇದನ್ನು ಬಳಸಿ.

ಚಿತ್ರಕಲೆಯ ಹಾಗೆ ಕಾಣಬೇಕು ಅನ್ನೋ ಆಸೆ ಎಲ್ಲರಿಗೂ ಇರುತ್ತೆ. ಗಿಂಪ್‌ನ ಫಿಲ್ಟರ್ಸ್ ಮೆನುವಿನಲ್ಲಿ ಆರ್ಟಿಸ್ಟಿಕ್, ಅದರಲ್ಲಿ ಆಯಿಲಿಫೈ ಅಂತ ಇದೆ. ಎಣ್ಣೆ ಬಣ್ಣದ ಚಿತ್ರದಂತೆ ಮಾಡುತ್ತೆ. ಇಡೀ ಫೋಟೊಗೆ ಹಾಕಿದರೆ ಮುಖ ಮೇಣದ ಬೊಂಬೆ. ಅದಕ್ಕೆ ಮೊದಲು ಫೋಟೊ ಲೇಯರನ್ನು ಡೂಪ್ಲಿಕೇಟ್ ಮಾಡಿ, ಮೇಲಿನದಕ್ಕೆ ಮಾತ್ರ ಫಿಲ್ಟರ್ ಹಾಕಿ, ಆಮೇಲೆ ಅದಕ್ಕೆ ಮಾಸ್ಕ್ ಸೇರಿಸಿ. ಮಾಸ್ಕ್‌ನಲ್ಲಿ ಬಿಳುಪು ಬಳಿದ ಕಡೆ ಕಾಣುತ್ತೆ, ಕಪ್ಪು ಬಳಿದ ಕಡೆ ಮರೆಯಾಗುತ್ತೆ. ಅಜ್ಜಿ, ಅಮ್ಮ ಇಬ್ಬರ ಮೇಲೂ ಮೆತ್ತನೆ ಬ್ರಷ್‌ನಲ್ಲಿ ಕಪ್ಪು ಬಳಿದೆ. ಅವರಿಬ್ಬರೂ ಫೋಟೊದಲ್ಲಿ ಇದ್ದ ಹಾಗೇ ಉಳಿದರು, ಹಿಂದಿನ ಪರದೆಯ ಕಂಬ, ಹೂದೋಟ ಮಾತ್ರ ಚಿತ್ರವಾಯಿತು. ಅದು ಮೊದಲಿಗೂ ಚಿತ್ರವೇ ಆಗಿತ್ತಲ್ಲ! ಒಪಾಸಿಟಿ 40ಕ್ಕೆ ಇಳಿಸಿದ ಮೇಲೆ ಇನ್ನೂ ಹದವಾಯಿತು.

ಫೋಟೊ ಕೆಳಗೆ ನೆರಳು ಕೊಡುವುದಾದರೆ ಫೋಟೊದೊಳಗಿನ ಬೆಳಕನ್ನೇ ಅನುಸರಿಸಿ. ನಮ್ಮದರಲ್ಲಿ ಬೆಳಕು ಎಡದಿಂದ, ಆದ್ದರಿಂದ ನೆರಳು ಬಲಕ್ಕೆ, ಕೆಳಕ್ಕೆ. ತೆಳುವಾಗಿರಲಿ.

ಕನ್ನಡ ಬರೆಯೋಕೆ ಹೋದರೆ ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ ಚದುರಿಹೋಗುತ್ತೆ ಅನ್ನೋ ದೂರು ತುಂಬಾ ಜನರದ್ದು. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಾದರೆ ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ "ವರ್ಲ್ಡ್-ರೆಡಿ ಲೇಔಟ್" ಆರಿಸಿಕೊಳ್ಳಿ, ಯೂನಿಕೋಡ್ ಫಾಂಟ್ ಬಳಸಿ. ಗಿಂಪ್‌ನಲ್ಲಿ ಈ ತಾಪತ್ರಯ ಬರಲಿಲ್ಲ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಎಲ್ಲ ಉಚಿತವಾಗಿ ಸಿಗುವ ಫಾಂಟುಗಳು. ಆದರೂ ನನ್ನ ಸಲಹೆ ಕೇಳಿದರೆ, ಮನೆಯವರ ಕೈಯಲ್ಲೇ ಬರೆಸಿ. ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಲ್ಲಿ ಬರೆಸಿ, ಫೋಟೊ ತೆಗೆದು, ಮಲ್ಟಿಪ್ಲೈ ಮಾಡಿದರೆ ಆಯಿತು. ಹೇಗೂ ಗುಟ್ಟು ರಟ್ಟಾಗಿತ್ತಲ್ಲ, ಅಮ್ಮನ ಕೈಯಲ್ಲೇ ಬರೆಸಿದೆ: "ನಮ್ಮಮ್ಮ, ನಾನು. 1957."

ಪ್ರಿಂಟ್ ಹಾಕಿಸುವ ಮುನ್ನ

ಪರದೆಯ ಮೇಲೆ ಕಾಣೋದು ಬೆಳಕು, ಕಾಗದದ ಮೇಲೆ ಬರೋದು ಶಾಯಿ. ಹಾಗಾಗಿ ಪ್ರಿಂಟ್ ಯಾವಾಗಲೂ ಸ್ವಲ್ಪ ಕಪ್ಪಗೇ ಬರುತ್ತೆ. ಕಂಪ್ಯೂಟರ್ ಪರದೆಯ ಹೊಳಪನ್ನು ಅರ್ಧಕ್ಕೆ ಇಳಿಸಿ ಕೆಲಸ ಮಾಡಿ, ಮತ್ತು ದೊಡ್ಡದಕ್ಕೆ ಮುಂಚೆ 4 × 6ರಲ್ಲಿ ಒಂದು ಪರೀಕ್ಷೆ ಪ್ರಿಂಟ್ ತೆಗೆಸಿ. ಕತ್ತರಿಸುವಾಗ ಹೆಚ್ಚುಕಡಿಮೆ ಆಗುತ್ತೆ. ಹಿನ್ನೆಲೆಯನ್ನು ನಾಲ್ಕೂ ಕಡೆ 3 ಮಿಲಿಮೀಟರ್ ಹೊರಗೆ ಚಾಚಿಸಿ, ಬರಹವನ್ನು ಅಂಚಿನಿಂದ ಅರ್ಧ ಇಂಚು ಒಳಗಿಡಿ. ಹೊಳೆಯೋ ಕಾಗದಕ್ಕಿಂತ ಮ್ಯಾಟ್ ಕಾಗದ ವಾಸಿ, ಬೆರಳ ಗುರುತು ಕಾಣಲ್ಲ.

ಒಂದು ಉಳಿತಾಯದ ಉಪಾಯ. ಮದುವೆ ಆಲ್ಬಂ ಮಾಡುವ ಲ್ಯಾಬ್‌ಗಳಲ್ಲಿ 12 × 18 ಇಂಚಿನ ಹಾಳೆ ಸಾಮಾನ್ಯ. ನಮ್ಮ ಪುಟ 12 × 12. ಉಳಿಯೋದು 6 × 12ರ ಪಟ್ಟಿ. ಅದರಲ್ಲಿ 4 × 6ರ ಮೂರು ಫೋಟೊ ಸರಿಯಾಗಿ ಕೂರುತ್ತೆ. ತಿದ್ದಿದ ಫೋಟೊದ ಮೂರು ಪ್ರತಿ ಅದೇ ದುಡ್ಡಿನಲ್ಲಿ! ಅಕ್ಕನಿಗೊಂದು, ಅಣ್ಣನಿಗೊಂದು, ನನಗೊಂದು.

ನೆನಪಿರಲಿ

• ಮೂರು ಫೈಲ್ ಇಟ್ಟುಕೊಳ್ಳಿ: ಮುಟ್ಟದ ಅಸಲಿ ಸ್ಕ್ಯಾನ್, ಲೇಯರ್ ಸಮೇತ ಫೈಲ್, ಪ್ರಿಂಟಿಗೆ ಕೊಟ್ಟ ಫೈಲ್. ಎರಡು ಬೇರೆ ಬೇರೆ ಜಾಗದಲ್ಲಿ.
• ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊದ ಹಾಗೆ ಕಳಿಸಿದರೆ ಗಾತ್ರ ಕುಗ್ಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ.
• ಫೋಟೊ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತು ಮುಂದೆ ಮೂಡುತ್ತೆ. ಮೆತ್ತನೆ ಪೆನ್ಸಿಲ್ ಸಾಕು.
• ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಹಳೇ ಆಲ್ಬಂಗಳ ಅಂಟು ಫೋಟೊವನ್ನು ಹಾಳುಮಾಡುತ್ತೆ. ಆ್ಯಸಿಡ್ ಇಲ್ಲದ ಕಾಗದದ ಆಲ್ಬಂ ಕೇಳಿ ತನ್ನಿ.
• ತಿದ್ದಿದ ಫೋಟೊ ಹಿಂದೆ "ತಿದ್ದಿದ ಪ್ರತಿ" ಅಂತ ಬರೆಯಿರಿ. ಮುಂದಿನವರಿಗೆ ಅಸಲಿ ಯಾವುದು ಅಂತ ಗೊತ್ತಿರಬೇಕು.

ಇಲ್ಲೊಂದಿತ್ತು

ಪರೀಕ್ಷೆ ಪ್ರಿಂಟ್ ತಂದ ದಿನ ಅಮ್ಮನ ಕೈಗೆ ಕೊಟ್ಟು ಸುಮ್ಮನೆ ನಿಂತೆ. ಪರೀಕ್ಷೆ ನನಗೇ. ಅವಳು ಕಿಟಕಿ ಹತ್ತಿರ ಹೋಗಿ, ಬೆಳಕಿಗೆ ಹಿಡಿದು ನೋಡಿದಳು. ಬೆರಳು ಅಜ್ಜಿಯ ಕೆನ್ನೆ ಮೇಲೆ ನಿಧಾನವಾಗಿ ಹೋಯಿತು. ಕಿವಿಯ ಹತ್ತಿರ ನಿಂತಿತು.

"ಇಲ್ಲೊಂದಿತ್ತು ಕಣೇ. ದೊಡ್ಡದು. ಅದರಿಂದಲೇ ನಾನು ಎಣಿಸೋಕೆ ಶುರು ಮಾಡ್ತಿದ್ದೆ."

ಅಸಲಿ ಸ್ಕ್ಯಾನ್ ತೆರೆದು ನೋಡಿದೆ. ಹೌದು, ಇತ್ತು. ಅದರ ಮೇಲೇ ಒಂದು ಕಂದು ಚುಕ್ಕೆ ಕೂತಿದ್ದರಿಂದ ಎರಡನ್ನೂ ಒಟ್ಟಿಗೆ ಬೂಷ್ಟು ಅಂದುಕೊಂಡು ಅಳಿಸಿದ್ದೆ. ಅಳಿಸಿದ್ದು ಬೇರೆ ಲೇಯರ್‌ನಲ್ಲಾದ್ದರಿಂದ ಆ ಒಂದು ಜಾಗದ ತಿದ್ದುಪಡಿಯನ್ನು ಮಾತ್ರ ತೆಗೆದೆ. ಕಂದು ಚುಕ್ಕೆಯ ಒಂದು ಅಂಚು ಈಗಲೂ ಅಲ್ಲಿ ಕಾಣುತ್ತೆ. ಇರಲಿ ಅಂತ ಬಿಟ್ಟೆ. ಆಮೇಲೆ ದೊಡ್ಡ ಪ್ರಿಂಟಿಗೆ ಕೊಟ್ಟೆ.

ಆಲ್ಬಂ ಈಗ ಅಮ್ಮನ ಮಂಚದ ಪಕ್ಕದ ಮೇಜಿನ ಮೇಲಿದೆ. ಉಳಿದ ಪುಟಗಳನ್ನು ಬಂದವರಿಗೆಲ್ಲ ತೋರಿಸುತ್ತಾಳೆ. ಮೊದಲ ಪುಟವನ್ನು ಮಾತ್ರ ತಾನೊಬ್ಬಳೇ ಇದ್ದಾಗ ನೋಡುತ್ತಾಳೆ, ಒಮ್ಮೊಮ್ಮೆ ದೀಪ ಆರಿಸುವ ಮುಂಚೆ.